ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್: ಇತಿಹಾಸ

ಮರದ ತಿರುಳು ಇಲ್ಲವೇ ಹತ್ತಿಯ ನಾರಿಗೆ ರಾಸಾಯನಿಕ ಗುಂಪುಗಳನ್ನು ಜೋಡಿಸಿ ಪಡೆಯುವ, ನೀರಿನಲ್ಲಿ ಕರಗುವ ಪಾಲಿಸ್ಯಾಕರೈಡ್. ಉದ್ಯಮದವರ ಬಾಯಲ್ಲಿ ಸಿಎಂಸಿ.

ನಾರಿನ ಮೂಲವಸ್ತು ಸೆಲ್ಯುಲೋಸನ್ನು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಗುರುತಿಸಿದ. ಅದರ ಉದ್ದನೆಯ ಸರಪಳಿಗಳನ್ನು ಹೈಡ್ರೋಜನ್ ಬಂಧಗಳು ಒತ್ತಾಗಿ ಹಿಡಿದಿರುವುದರಿಂದ ನೀರಿನಲ್ಲಿ ಕರಗದು. ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ನಾರು ಉಬ್ಬುತ್ತದೆ. ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹತ್ತಿ ಬಟ್ಟೆಯ ಸಲುವಾಗಿ.

ಸಿಎಂಸಿಯನ್ನು ಮೊದಲು ತಯಾರಿಸಿದವರು ಯಾರೆಂಬುದರಲ್ಲಿ ಗೊಂದಲವಿದೆ. ರಸಾಯನಜ್ಞ ಸುಯಿಡಾ 1905ರಲ್ಲಿ ಸೆಲ್ಯುಲೋಸಿಗೆ ಮೀಥೈಲ್ ಗುಂಪು ಸೇರಿಸಿದ್ದ. ವಿಯೆನ್ನಾದ ಲಿಯಾನ್ ಲಿಲಿಯೆನ್‌ಫೆಲ್ಡ್ 1912ರ ಹೊತ್ತಿಗೆ ಸೆಲ್ಯುಲೋಸ್ ಈಥರುಗಳಿಗೆ, ಅಂದರೆ ಹೀಗೆ ಗುಂಪು ಸೇರಿಸಿ ಪಡೆದ ವಸ್ತುಗಳಿಗೆ, ಪೇಟೆಂಟ್ ಕೋರಿದ್ದ. ಎಲ್ಲ ಈಥರುಗಳನ್ನೂ ಒಂದೇ ಕಂತೆ ಕಟ್ಟಿದರೆ ಈ ವರ್ಷಗಳೇ ಸಿಎಂಸಿಯ ಹುಟ್ಟೆಂದು ತೋರುತ್ತವೆ. ಅದು ಸರಿಯಲ್ಲ. ಮೀಥೈಲ್ ಸೆಲ್ಯುಲೋಸಿನ ದ್ರಾವಣ ಕಾಯಿಸಿದರೆ ಗಟ್ಟಿಯಾಗುತ್ತದೆ, ಸಿಎಂಸಿಯದು ತೆಳ್ಳಗಾಗುತ್ತದೆ. ಎರಡೂ ಬೇರೆಯೇ ವಸ್ತುಗಳು. ಕ್ಷಾರದಲ್ಲಿ ಉಬ್ಬಿದ ಸೆಲ್ಯುಲೋಸನ್ನು ಮಾನೋಕ್ಲೋರೋಅಸಿಟಿಕ್ ಆಮ್ಲದೊಡನೆ ವರ್ತಿಸುವಂತೆ ಮಾಡಿ ಸಿಎಂಸಿ ಪಡೆದವನು ಜರ್ಮನಿಯ ಇ. ಯಾನ್ಸೆನ್. ಅವನ ಪೇಟೆಂಟಿನ ಅರ್ಜಿ 1918ರದು, ಪ್ರಕಟಣೆ 1921ರದು. ಒಂದೇ ಪೇಟೆಂಟಿಗೆ ಎರಡು ಇಸವಿ ಕಾಣಸಿಗುವುದು ಇದರಿಂದಲೇ.

ಸೆಲ್ಯುಲೋಸ್ ಸರಪಳಿಯ ಪ್ರತಿ ಗ್ಲೂಕೋಸ್ ಘಟಕದಲ್ಲಿ ಗುಂಪು ಸೇರಬಲ್ಲ ಮೂರು ಜಾಗಗಳಿವೆ. ಘಟಕಕ್ಕೆ ಸರಾಸರಿ 0.4ರಷ್ಟು ಜಾಗ ತುಂಬಿದರೂ ಸಾಕು, ಸರಪಳಿಗಳು ಬಿಡಿಸಿಕೊಂಡು ನೀರಿನಲ್ಲಿ ಕರಗತೊಡಗುತ್ತವೆ.  

ಪೇಟೆಂಟಿಗಿಂತ ದೊಡ್ಡ ತಿರುವು ಬಂದದ್ದು 1930ರ ದಶಕದಲ್ಲಿ. ಜರ್ಮನಿಯ ವೀಸ್‌ಬಾಡೆನ್‌ನ ಕಾಲೆ ಕಾರ್ಖಾನೆ ಸಿಎಂಸಿ ಉತ್ಪಾದನೆಗಿಳಿಯಿತು. ಆರಂಭದಲ್ಲಿ ಜಿಲೆಟಿನ್, ಅಂಟುಗಳಿಗೆ ಬದಲಿ ಎನಿಸಿಕೊಂಡಿದ್ದ ಸಿಎಂಸಿಗೆ ಒಗೆಯುವ ಪುಡಿಯಲ್ಲಿ ಸ್ವಂತ ಕೆಲಸ ಸಿಕ್ಕಿತು: ಹತ್ತಿ ಬಟ್ಟೆಗೆ ಅಂಟಿಕೊಂಡು, ತನ್ನ ಋಣ ವಿದ್ಯುದಂಶದಿಂದ, ಬಿಟ್ಟುಹೋದ ಕೊಳೆ ಮರಳಿ ಕೂರದಂತೆ ತಡೆಯುವುದು. ಎರಡನೇ ಮಹಾಯುದ್ಧದಲ್ಲಿ ಕೊಬ್ಬಿನ ಅಭಾವದಿಂದ ಜರ್ಮನಿಯಲ್ಲಿ ಸಾಬೂನು ದುರ್ಲಭವಾದಾಗ ಈ ಗುಣಕ್ಕೆ ಬೆಲೆ ಬಂತು. ಅಮೆರಿಕದ ಹರ್ಕ್ಯುಲಿಸ್ ಕಂಪನಿ 1940ರ ದಶಕದಲ್ಲಿ ತಯಾರಿಕೆ ಆರಂಭಿಸಿತು.

ಆಮೇಲಿನದು ಬಳಕೆ ಹಬ್ಬಿದ ಕಥೆ. ತೈಲಬಾವಿ ಕೊರೆಯುವ ಕೆಸರು, ಟೂತ್‌ಪೇಸ್ಟ್, ಒಣಗಿದ ಕಣ್ಣಿಗೆ ಹಾಕುವ ಹನಿಗಳು ಎಲ್ಲದರಲ್ಲೂ ಇದಿದೆ. ಐಸ್‌ಕ್ರೀಂ ಡಬ್ಬಿಯ ಮೇಲೆ ಸ್ಟೆಬಿಲೈಸರ್ ಎಂಬುದರ ಮುಂದೆ ಅಚ್ಚಾಗಿರುವ 466 ಇದರದೇ ಸಂಖ್ಯೆ. 461 ಎಂದಿದ್ದರೆ ಅದು ಮೀಥೈಲ್ ಸೆಲ್ಯುಲೋಸ್.