ಗಂಜಾಮಿನ ಎರಡು ತೋಟ

ನಾವು ಚಿಕ್ಕೋರಾಗಿದ್ದಾಗ ನಮಗೆ ಪಾರ್ಕು ಅನ್ನೋ ಮಾತೇ ಗೊತ್ತಿರಲಿಲ್ಲ. ಜಾರುಬಂಡೆ, ಉಯ್ಯಾಲೆ, ಸುತ್ತ ಬೇಲಿ, ಬಾಗಿಲಲ್ಲಿ ಬೋರ್ಡು, ಇಂಥದ್ದನ್ನೆಲ್ಲ ನಾ ಕಂಡಿದ್ದು ಮದುವೆಯಾಗಿ ಮೈಸೂರು ಸೇರಿದ ಮೇಲೆ. ಗಂಜಾಮಿನಲ್ಲಿ ನಮಗೆ ಇದ್ದಿದ್ದು ಎರಡು ತೋಟ. ಪಟ್ಟಣದ ಕಡೆ ನಡೆದ್ರೆ ದರಿಯಾ ದೌಲತ್ತು, ಸಂಗಮದ ಕಡೆ ನಡೆದ್ರೆ ಗುಂಬಜು. "ಎಲ್ಲೋಗಿದ್ರೇ ಇಷ್ಟೊತ್ತು?" ಅಂತ ಅವ್ವ ಕೇಳುದ್ರೆ "ತೋಟ್ಕೆ" ಅಂತಿದ್ವಿ. ಯಾವ ತೋಟ ಅಂತ ಅವಳೂ ಕೇಳ್ತಿರಲಿಲ್ಲ, ನಾವೂ ಹೇಳ್ತಿರಲಿಲ್ಲ.

ಬೇಸಿಗೆ ರಜ ಬಂತು ಅಂದ್ರೆ ನಾಕು ತಾಲ್ಲೂಕಿನ ಮಕ್ಕಳು ನಮ್ಮಟ್ಟಿ ಜಗಲೀಲಿ. ಪಾಂಡವಪುರದಿಂದ ದೊಡ್ಡವ್ವನ ಮಕ್ಕಳು ಮೂರು ಜನ, ನಾಗಮಂಗಲದಿಂದ ಸೋದರತ್ತೆ ಮಕ್ಕಳು ಇಬ್ಬರು, ಕೆ.ಆರ್. ಪೇಟೆ ಹತ್ರ ಹೊಸಹೊಳಲಿಂದ ಚಿಕ್ಕವ್ವನ ಮಗಳು ಒಬ್ಬಳು. ಬಂದ ದಿವಸ ರಾತ್ರಿ ಮುದ್ದೆ, ಉಪ್ಸಾರು ಉಂಡು ಸಾಲಾಗಿ ಮಲಗಿಕೊಂಡ್ರೆ ಯಾರ ಊರು ದೊಡ್ಡದು ಅನ್ನೋ ಜಗಳ ಶುರು. ಪಾಂಡವಪುರದೋರಿಗೆ ಕುಂತಿಬೆಟ್ಟದ ಜಂಬ. ಪಾಂಡವರು ಕುಂತವ್ವನ ಜೊತೆ ಅಲ್ಲೇ ಇದ್ದರಂತೆ, ಬಂಡೆ ಮೇಲೆ ಕುಳಿ ಕಂಡ ಕಡೆಯೆಲ್ಲ ಭೀಮನ ಕತೆ. ಆ ಊರಿಗೆ ಮೊದಲು ಹಿರೋಡೆ ಅಂತಿದ್ರು. ಹೈದರಾಲಿ, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿ ಬಿಡಾರ ಹಾಕಿದ್ದಕ್ಕೆ ಇಂಗ್ಲಿಷರು ಫ್ರೆಂಚ್ ರಾಕ್ಸ್ ಅಂತ ಕರೆದ್ರು. ನಮ್ಮಜ್ಜಿ ಬಾಯಲ್ಲಿ ಕೊನೇತನಕ ಅದು "ಪೆಂಚ್ ರಾಕ್ಸು". ನಾಗಮಂಗಲದೋರಿಗೆ ಸೌಮ್ಯಕೇಶವನ ಗುಡಿ ಮುಂದಿನ ಬಯಲು. ಹೊಸಹೊಳಲ ತಂಗಿ ಮಾತ್ರ ಜಾಸ್ತಿ ಮಾತಾಡ್ತಿರಲಿಲ್ಲ. ಅವಳ ಊರಿನ ಲಕ್ಷ್ಮೀನಾರಾಯಣನ ಗುಡಿ ಹೊಯ್ಸಳರ ಕಾಲದ್ದು, ಪಾಯದ ಸುತ್ತ ಸಾಲಾಗಿ ಆನೆ ಕೆತ್ತವರೆ. ಅವಳು ಆ ಆನೆಗಳನ್ನ ಬೆರಳಿಟ್ಟು ಎಣಿಸಿಕೊಂಡು ಸುತ್ತು ಬರ್ತಿದ್ದಳಂತೆ. ಅದೇ ಅವಳ ಆಟ.

ಈ ತಂಗಿ ಬಗ್ಗೆ ವಸಿ ಹೇಳಬೇಕು. ನಮ್ಮ ಚಿಕ್ಕವ್ವ ಶಿವರಾತ್ರಿ ಕಳೆದು ವಾರಕ್ಕೆ ತೀರಿಕೊಂಡಿದ್ಲು. ತಂಗಿಗೆ ಆವಾಗ ಎಂಟು ವರ್ಷ. ರಜಕ್ಕೆ ಅಂತ ಕರೆಸಿಕೊಂಡೋರು ಆಮೇಲೆ ಎರಡು ವರ್ಷ ನಮ್ಮನೇಲೇ ಇಟ್ಟುಕೊಂಡ್ರು. ಅವ್ವ ಎಲ್ಲಿ ಅಂತ ಅವಳು ಕೇಳಲಿಲ್ಲ, ನಾವೂ ಆ ಮಾತು ಎತ್ತಬಾರದು ಅಂತ ಅಜ್ಜಿ ಕಣ್ಣಲ್ಲೇ ಗದರಿದ್ಲು.

ಆಟಕ್ಕೆ ಬರ್ತೀನಿ. ದರಿಯಾ ದೌಲತ್ತು ಟಿಪ್ಪು 1784ರಲ್ಲಿ ಬೇಸಿಗೆಗೆ ಅಂತಲೇ ಕಟ್ಟಿಸಿದ ಅರಮನೆ. ಸುತ್ತ ತೋಟ, ಪಕ್ಕದಲ್ಲಿ ಹೊಳೆ. ತೇಗದ ಮರದ ಕಂಬ, ಮೇಲಿಂದ ಇಳಿಬಿಟ್ಟ ಹಸಿರು ಪರದೆ, ಹೊರಗೆ ಬೆಂಕಿಯಂಥ ಬಿಸಿಲಿದ್ರೂ ಒಳಗಿನ ನೆಲ ಮಡಕೆ ನೀರಿನಂಗೆ ತಣ್ಣಗೆ. ಮಧ್ಯಾಹ್ನ ಅಲ್ಲಿ, ಬೈಗಾದ್ರೆ ಹೊರಗಿನ ಮರಗಳಲ್ಲಿ ಮರಕೋತಿ ಆಟ. ಸೆರಗಿಲ್ಲದ ವಯಸ್ಸು, ಲಂಗ ಎತ್ತಿ ಸಿಕ್ಕಿಸಿಕೊಂಡು ಹತ್ತಿಬಿಟ್ಟರೆ ಗಂಡುಹುಡುಗ್ರಿಗೂ ನಾವು ಸಿಕ್ತಿರಲಿಲ್ಲ. ಕುಂಟಾಬಿಲ್ಲೆ, ಲಗೋರಿ, ಕಣ್ಣಾಮುಚ್ಚಾಲೆ ಎಲ್ಲ ಆಡಿದ್ದೀವಿ. ಮಡಿಲಲ್ಲಿ ಹುಣಸೆಹಣ್ಣು, ಉಪ್ಪು, ಮೆಣಸಿನಪುಡಿ ಕುಟ್ಟಿ ಉಂಡೆ ಮಾಡಿದ್ದು ಇರೋದು. ಕಾಲಕ್ಕೆ ಸರಿಯಾಗಿ ಹೋದ್ರೆ ಗಂಜಾಮಿನ ಅಂಜೂರ. ಆ ರುಚಿ ಈಗ ಅಂಗಡೀಲಿ ಹಾರ ಪೋಣಿಸಿ ಮಾರೋ ಒಣ ಅಂಜೂರಕ್ಕೆ ಎಲ್ಲಿ ಬರ್ಬೇಕು ಬುಡಿ.

ಗೋಡೆ ಚಿತ್ರಗಳದ್ದು ಬೇರೆ ಆಟ. ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ, ಪಡುವಣ ಗೋಡೆ ತುಂಬ ಯುದ್ಧ. ಅದು 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿ, ಟಿಪ್ಪು ಸೇರಿ ಇಂಗ್ಲಿಷರನ್ನ ಸೋಲಿಸಿದ್ದು. ಪಲ್ಲಕ್ಕೀಲಿ ಗಾಯವಾಗಿ ಕೂತೋನು ಕರ್ನಲ್ ಬೇಯ್ಲಿ. ಅವನು ಆಮೇಲೆ ನಮ್ಮ ಪಟ್ಟಣದಲ್ಲೇ ಸೆರೇಲಿ ಸತ್ತ. ನಮಗೆ ಆಗ ಇದೇನೂ ಗೊತ್ತಿಲ್ಲ. ಮೀಸೆ ಇದ್ದೋರು ಎಷ್ಟು, ಇಲ್ಲದೋರು ಎಷ್ಟು ಅಂತ ಪಂದ್ಯ ಕಟ್ಟಿ ಎಣಿಸ್ತಿದ್ವಿ. ಎಷ್ಟೋ ವರ್ಷದ ಮೇಲೆ ತಿಳೀತು, ಚಿತ್ರ ಬರೆದೋರ ಗುರುತೂ ಅದೇ ಅಂತೆ: ಮೀಸೆ ಇರೋ ಬಿಳಿಯರು ಫ್ರೆಂಚರು, ಬೋಳುಮುಖದೋರು ಇಂಗ್ಲಿಷರು. ನಮ್ಮ ಲೆಕ್ಕ ಸರಿಯಾಗೇ ಇತ್ತು! 1799ರಲ್ಲಿ ಟಿಪ್ಪು ಸತ್ತ ಮೇಲೆ ವೆಲ್ಲೆಸ್ಲಿ ಇದೇ ಮನೇಲಿ ಇದ್ದ. ಮುಂದೆ ಡಾಲ್‌ಹೌಸಿ ಬಂದಾಗ ಮಾಸಿದ್ದ ಚಿತ್ರಗಳನ್ನ ಮತ್ತೆ ಬರೆಸಿದನಂತೆ. ತಾವು ಸೋತ ಚಿತ್ರವನ್ನ ತಾವೇ ದುಡ್ಡು ಕೊಟ್ಟು ಬರೆಸಿದೋರು. ಅದೇನು ದೊಡ್ಡ ಮನಸ್ಸೋ, ಗೆದ್ದೋರ ಠೀವಿಯೋ, ನಂಗೆ ಇನ್ನೂ ಬಗೆಹರಿದಿಲ್ಲ.

ನಂದು ಹನ್ನೆರಡನೇ ಬೇಸಿಗೆಗೆ ಆಟ ಮುಗೀತು. ಕಾರಣ ನಿಮಗೆ ಹೇಳಬೇಕಾಗಿಲ್ಲ. ಅಜ್ಜಿ "ಇನ್ಮೇಲೆ ಮರ ಗಿರ ಅತ್ತೀಯೆ, ಕಾಲ್ ಮುರೀತೀನಿ" ಅಂದ್ಲು, ಅಷ್ಟೆ. ಆಮೇಲೆ ತೋಟ ನೋಡಿದ್ದು ನಿಮಿಷಾಂಬನ ಪೂಜೆಗೆ ಹೋಗೋವಾಗ, ದೊಡ್ಡೋರ ಹಿಂದೆ, ಕೈಲಿ ಹಣ್ಣುಕಾಯಿ ಬುಟ್ಟಿ ಹಿಡಕೊಂಡು. ಈಗ ದರಿಯಾ ದೌಲತ್ತಿನ ಬಾಗಿಲಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೀಟಿಲ್ಲ. ಸರ್ಕಾರ ಹದಿನೈದು ಕೊಟ್ಟೈತೆ, ನಮ್ಮಜ್ಜಿ ಕೊಟ್ಟಿದ್ದು ಹನ್ನೆರಡೇ.

ಹೋದ ದಸರಾ ರಜದಲ್ಲಿ ಮೊಮ್ಮಗಳನ್ನ ಕರಕೊಂಡು ಗುಂಬಜಿಗೆ ಹೋಗಿದ್ದೆ. ಟಿಪ್ಪು ತನ್ನ ಅಪ್ಪ ಹೈದರಾಲಿಗೆ ಕಟ್ಟಿಸಿದ ಗೋರಿ ಅದು, ಲಾಲ್‌ಬಾಗ್ ತೋಟದಲ್ಲಿ. ಒಳಗೆ ಹೈದರಾಲಿ, ಅವನ ಹೆಂಡತಿ, ಕೊನೆಗೆ ಟಿಪ್ಪು. ಹೊರಗೆ ಕರೀ ಕಲ್ಲಿನ ಕಂಬಗಳು, ಜಗಲಿ ಮೇಲೆಲ್ಲ ಚಿಕ್ಕ ದೊಡ್ಡ ಗೋರಿಗಳು. ನಾವು ಆ ಕಂಬಗಳ ಮರೇಲಿ ಅವಿತುಕೊಳ್ತಿದ್ವಿ. ಹೊಸಹೊಳಲ ತಂಗಿ ಮರಕೋತಿಗೆ ಬರೋಳು, ಕುಂಟಾಬಿಲ್ಲೆಗೆ ಬರೋಳು, ಗುಂಬಜಿನ ಮೆಟ್ಟಲು ಮಾತ್ರ ಹತ್ತುತಿರಲಿಲ್ಲ. ಕೆಳಗೇ ಕೂತು ನಮ್ಮ ಚಪ್ಪಲಿ ಕಾಯೋಳು.

"ಅಜ್ಜಿ, ಇವರೆಲ್ಲ ಯಾರು?" ಅಂತ ಮೊಮ್ಮಗಳು ಜಗಲಿ ಗೋರಿಗಳನ್ನ ತೋರಿಸಿ ಕೇಳಿದ್ಲು. "ಅವರ ಮನೆಯೋರು ಕಣವ್ವ" ಅಂದೆ. ಇನ್ನೇನು ಹೇಳಲಿ, ಅಷ್ಟು ವರ್ಷ ಆಡಿದ್ರೂ ನಾ ಕೇಳಿರಲಿಲ್ಲ. ಅವಳು ಬಿಡೋಳಲ್ಲ. ಮನೆಗೆ ಬಂದು ಹುಡುಕಿ, ಮೇಜರ್ ಡಿರೋಮ್ ಅನ್ನೋ ಇಂಗ್ಲಿಷ್ ಸೇನೆಯೋನು 1793ರಲ್ಲಿ ಅಚ್ಚು ಹಾಕಿಸಿದ ಯುದ್ಧದ ಪುಸ್ತಕ ಓದಿ ಓದಿ ನಂಗೆ ಕನ್ನಡದಲ್ಲಿ ಹೇಳಿದ್ಲು. ನಾ ಈರುಳ್ಳಿ ಹೆಚ್ಚುತಿದ್ದೋಳು ಈಳಿಗೆಮಣೆ ಮಡಚಿಟ್ಟು ಕೂತು ಕೇಳಿದೆ.

ಅಲ್ಲಿ ಇರೋದರಲ್ಲಿ ಒಂದು ರುಕಯ್ಯಾ ಬಾನು ಅನ್ನೋಳ ಗೋರಿ, ಟಿಪ್ಪು ಹೆಂಡತಿ. ಅವಳ ಅಣ್ಣತಮ್ಮಂದಿರಲ್ಲಿ ಒಬ್ಬ ಬುರ್ಹಾನುದ್ದೀನ್, ಸೇನಾಪತಿ, 1790ರಲ್ಲಿ ಸತ್ಯಮಂಗಲದ ಹತ್ರ ಯುದ್ಧದಲ್ಲಿ ಸತ್ತ. ಅವನ ಗೋರೀನೂ ಅಲ್ಲೇ ಐತೆ. ಇನ್ನೆರಡು ವರ್ಷಕ್ಕೆ, 1792ರ ಫೆಬ್ರವರಿ 6ರ ರಾತ್ರಿ, ಕಾರ್ನ್‌ವಾಲಿಸ್‌ನ ದಂಡು ಪಟ್ಟಣದ ಮೇಲೆ ಬಿತ್ತು. ಸಿಪಾಯಿಗಳು ಹೊಳೆ ದಾಟಿ ನಮ್ಮ ಗಂಜಾಮಿಗೇ ನುಗ್ಗಿದ್ರು. ರಾತ್ರಿಯೆಲ್ಲ ಗುಂಡಿನ ಸದ್ದು. ಆ ದಿಗಿಲಿಗೆ ಈ ಹೆಣ್ಣುಮಗಳು ಕೆಲವೇ ದಿವಸದಲ್ಲಿ ತೀರಿಕೊಂಡ್ಲು ಅಂತ ಆ ಇಂಗ್ಲಿಷನೇ ಬರೆದವ್ನೆ. ಅವಳಿಗೊಬ್ಬ ಮಗ ಮುಯಿಜುದ್ದೀನ್, ಎಂಟು ವರ್ಷ.

ದಂಡು ಲಾಲ್‌ಬಾಗಿನಲ್ಲೇ ಬೀಡು ಬಿಡ್ತು. ಸಾಲಾಗಿ ಬೆಳೆಸಿದ್ದ ಸೈಪ್ರಸ್ ಮರಗಳನ್ನ ಕಡಿದು, ಕೋಟೆ ಮುತ್ತೋದಕ್ಕೆ ಬೇಕಾದ ಸೌದೆಕಂತೆ ಕಟ್ಟಿದ್ರಂತೆ. ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯ್ತು. ನಾವು ಹತ್ತಿ ಕೂತ ಯಾವ ಮರವೂ ಟಿಪ್ಪು ಕಾಲದ್ದಾಗಿರಲಾರದು ಅಂತ ನಂಗೆ ಅವತ್ತೇ ಗೊತ್ತಾಗಿದ್ದು.

ಆಮೇಲೆ ಒಪ್ಪಂದ. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅದು ತೀರೋ ತನಕ ಇಬ್ಬರು ಗಂಡುಮಕ್ಕಳು ಒತ್ತೆ. ದೊಡ್ಡೋನು ಅಬ್ದುಲ್ ಖಾಲಿಕ್, ಹತ್ತು ವರ್ಷ. ಚಿಕ್ಕೋನು ಇದೇ ಮುಯಿಜುದ್ದೀನ್. ಫೆಬ್ರವರಿ 26ಕ್ಕೆ ಆನೆ ಮೇಲೆ ಕೂರಿಸಿ, ಕೋಟೆಯಿಂದ ತೋಪು ಹಾರಿಸಿ ಕಳಿಸಿದ್ರು. ಕಾರ್ನ್‌ವಾಲಿಸ್ ಇಬ್ಬರನ್ನೂ ತಬ್ಬಿಕೊಂಡು ಒಂದೊಂದು ಚಿನ್ನದ ಗಡಿಯಾರ ಕೊಟ್ಟನಂತೆ. ಈ ನೋಟವನ್ನ ಇಂಗ್ಲಿಷ್ ಚಿತ್ರಗಾರರು ಮತ್ತೆ ಮತ್ತೆ ಬರೆದವ್ರೆ, ಮೊಮ್ಮಗಳು ಫೋನಿನಲ್ಲಿ ತೋರಿಸಿದ್ಲು. ಬಿಳೀ ಅಂಗಿ, ಮುತ್ತಿನ ಸರ, ಪುಟ್ಟ ರುಮಾಲು. ನಂಗೆ ಕಂಡಿದ್ದು ಮಾತ್ರ ಅವ್ವನ್ನ ಮಣ್ಣು ಮಾಡಿ ಮೂರು ವಾರವೂ ಆಗದ ಮಗ. ಮಕ್ಕಳು ಮದರಾಸಿಗೆ ಹೋದ್ರು. ವಾಪಸು ಬಂದಿದ್ದು 1794ರಲ್ಲಿ.

ಟಿಪ್ಪು ಒಳ್ಳೇವನೋ ಕೆಟ್ಟವನೋ ಅನ್ನೋ ಜಗಳ ಈಗ ನಮ್ಮನೆ ಊಟದ ಹೊತ್ತಲ್ಲೂ ಬರ್ತದೆ. ನಾ ಅದಕ್ಕೆ ಹೋಗಲ್ಲ. ಗಂಜಾಮು ಬೆಳೆದಿದ್ದೇ ಶಿರಾದ ಕಡೆಯಿಂದ ಸಂಸಾರ ಸಂಸಾರಗಳನ್ನೇ ಬಲವಂತವಾಗಿ ಎಬ್ಬಿಸಿ ತಂದು ಇಲ್ಲಿ ನೆಲೆ ಮಾಡಿಸಿ. ಅವರ ಮಕ್ಕಳೂ ಹೊಸ ಊರಲ್ಲಿ ಕುಂಟಾಬಿಲ್ಲೆ ಗೆರೆ ಎಳೆಯೋ ಮುಂಚೆ ಎಷ್ಟು ಅತ್ತಿರಬೋದು. ಅದನ್ನ ಬರೆದಿಡೋಕೆ ಯಾವ ಮೇಜರೂ ಇರಲಿಲ್ಲ.

ಆ ಇಬ್ಬರು ಮಕ್ಕಳು ನಾವಾಡಿದ ಎರಡು ತೋಟದಲ್ಲೂ ಆಡಿರಲೇಬೇಕು ಅಂತ ನಂಗೆ ಅನ್ನಿಸ್ತದೆ. ಅಪ್ಪನ ಅರಮನೆ, ಅಜ್ಜನ ಗೋರಿ, ಇನ್ನೆಲ್ಲಿ ಆಡ್ತಾರೆ? ಪುಸ್ತಕದಲ್ಲಿ ಹಂಗೇನೂ ಇಲ್ಲ ಅಂತ ಮೊಮ್ಮಗಳು ಹೇಳ್ತಾಳೆ. ಇಲ್ಲದಿದ್ರೆ ಇಲ್ಲ ಬುಡು.

ಹೊಸಹೊಳಲ ತಂಗಿಗೆ ಈಗ ಅರವತ್ತು ಹತ್ರ ಬಂತು, ಅವಳೂ ಮೊಮ್ಮಕ್ಕಳನ್ನ ಕಂಡೋಳು. ರಾತ್ರಿ ಫೋನು ಮಾಡಿ ಎಲ್ಲ ಹೇಳಿದೆ. ಗೋರಿ, ಆನೆ, ಗಡಿಯಾರ. ಯಾಕೆ ಹೇಳ್ದೆ ಅಂತ ಹೇಳೋವಾಗಲೇ ಅಳುಕು ಬಂತು, ಆ ಬೇಸಿಗೆ ಮಾತನ್ನ ನಾವಿಬ್ಬರೂ ಇವತ್ತಿನ ತನಕ ಎತ್ತಿರಲಿಲ್ಲ. ಅವಳು ಸುಮಾರು ಹೊತ್ತು ಏನೂ ಅನ್ನಲಿಲ್ಲ. ಲೈನು ಕಟ್ಟಾಯ್ತೇನೋ ಅಂದುಕೊಂಡೆ.

"ಅಕ್ಕಯ್ಯ, ಆ ಮಗೀಗೆ ಅವ್ರವ್ವ ಓದ್ಲು ಅಂತ ಯಾರಾರ ಬಾಯ್ಬುಟ್ಟು ಯೋಳಿದ್ರಾ?" ಅಂದ್ಲು.

"ಗೊತ್ತಿಲ್ಲ ಕಣೆ" ಅಂದೆ.

"ನಂಗೆ ಯಾರೂ ಯೋಳ್ನಿಲ್ಲ. ನಿಮ್ ಚಪ್ಲಿ ಕಾಯ್ಕಂಡು ಕೂತಿದ್ದಾಗ ನಾನೇ ತಿಳ್ಕಂಡೆ" ಅಂದ್ಲು. ಆಮೇಲೆ, ಈ ಸಾರಿ ಅಂಜೂರ ಬಂದ್ರೆ ಒಂದು ಕೇಜಿ ಎತ್ತಿಡು, ಬರ್ತೀನಿ ಅಂತ ಹೇಳಿ ಫೋನಿಟ್ಲು.