ಮರಳು ತೊಳೆಯುವ ಕೆಲಸ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದ ಫಿಲ್ಟರ್‌ಗೆ ಬ್ಯಾಕ್‌ವಾಶ್ ಮಾಡ್ತಿದ್ರು. ವಾಲ್ವ್ ತಿರುಗಿಸಿದ್ರೆ ನೀರು ಕೆಳಗಿಂದ ಮೇಲಕ್ಕೆ ನುಗ್ಗಿ, ಮರಳಿನ ಕೊಳೆಯೆಲ್ಲ ಹೊರಗೆ.. ಐದು ನಿಮಿಷದ ಕೆಲಸ!

ನನಗೆ ನೆನಪಾಗಿದ್ದು ಜರ್ಮನಿಯ ಆಲ್ಟೋನಾ. 1892ರಲ್ಲಿ ಪಕ್ಕದ ಹ್ಯಾಂಬರ್ಗ್ ಎಲ್ಬೆ ನದಿಯ ನೀರನ್ನ ಸೋಸದೇ ಕುಡಿಯಿತು. ಕಾಲರಾಕ್ಕೆ 8,000ಕ್ಕೂ ಹೆಚ್ಚು ಜನ ಸತ್ತರು. ಆಲ್ಟೋನಾ ನೀರೆತ್ತುತ್ತಿದ್ದದ್ದೂ ಅದೇ ನದಿಯಿಂದ, ಅದೂ ಹ್ಯಾಂಬರ್ಗಿನ ಚರಂಡಿ ಸೇರಿದ ಮೇಲೆ! ಆದ್ರೂ ಮರಳಲ್ಲಿ ಸೋಸಿದ್ದರಿಂದ ಬಹುಮಟ್ಟಿಗೆ ಬಚಾವಾಯ್ತು.

ಆ ಫಿಲ್ಟರುಗಳಿಗೆ ಬ್ಯಾಕ್‌ವಾಶ್ ಇರಲಿಲ್ಲ. ನೀರು ಬಸಿದು, ಮೇಲಿನ ಲೋಳೆ ಪದರವನ್ನ ಸಲಿಕೆ ಹಿಡಿದು ಕೆರೆಯಬೇಕು. ಚಳಿಗಾಲದಲ್ಲಿ ಹಾಗೆ ಕೆರೆಯುವಾಗ ಒಂದು ಫಿಲ್ಟರಿನ ಮರಳು ಹೆಪ್ಪುಗಟ್ಟಿತು, ಸರಿಯಾಗಿ ಸೋಸಲಿಲ್ಲ. 1893ರ ಆರಂಭದಲ್ಲಿ ಆಲ್ಟೋನಾಕ್ಕೂ ಕಾಲರಾ ಬಂತು. ಕಾರಣ ಹುಡುಕಿದ ರಾಬರ್ಟ್ ಕಾಕ್, ಒಂದೊಂದು ಫಿಲ್ಟರಿನ ನೀರನ್ನೂ ದಿನಾ ಪರೀಕ್ಷೆ ಮಾಡಿ ಅಂದ.