ಚಿಕ್ಕಬಳ್ಳಾಪುರ ಸೀಮೆಯ ಒಕ್ಕಲು ಅಡುಗೆ: ಪದಗಳಲ್ಲಿ ಉಳಿದ ಚರಿತ್ರೆ

ಕನ್ನಡದಲ್ಲಿ ಅಡುಗೆಯನ್ನು ಶಾಸ್ತ್ರವೆಂದು ಬಗೆದು ಬರೆದ ಪರಂಪರೆ ಸಾಕಷ್ಟು ಹಳೆಯದು. ಚಾಲುಕ್ಯ ಜಯಸಿಂಹನ ಕಾಲದ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆಂದೇ ಒಂದು ಅಧ್ಯಾಯವಿದೆ. ಕಲ್ಯಾಣದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ವು ಅರಸನ ಅನ್ನಭೋಗವನ್ನು ವಿಸ್ತಾರವಾಗಿ ವರ್ಣಿಸುತ್ತದೆ. 16ನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಬರೆದ 'ಸೂಪಶಾಸ್ತ್ರ'ವಂತೂ ಹಿಟ್ಟಿನ ತಿನಿಸು, ಪಾನಕ, ಅನ್ನ, ಬದನೆ, ಬಾಳೆ, ಹಲಸುಗಳ ಪಾಕಗಳನ್ನು ಒಂದೊಂದಾಗಿ ಹೇಳುವ ಸಂಪೂರ್ಣ ಪಾಕಗ್ರಂಥ. ಸಸ್ಯಾಹಾರದ ಎಲ್ಲೆಯೊಳಗೆ ಎಷ್ಟು ರುಚಿವೈವಿಧ್ಯ ಸಾಧ್ಯವೆಂಬುದನ್ನು ತಿಳಿಯಲು ಇಂದಿಗೂ ಅದು ಉತ್ತಮ ಆಕರ.

ಆದರೆ ಈ ಗ್ರಂಥಗಳನ್ನು ಓದುವಾಗ ಒಂದು ಪ್ರಶ್ನೆ ಏಳಬೇಕು. ಇವು ಯಾರ ಮನೆಯ ಅಡುಗೆ? ತುಪ್ಪ, ಹಾಲು, ಸಕ್ಕರೆ, ಪರಿಮಳದ್ರವ್ಯಗಳು ಕೈಗೆಟುಕುವ ಮನೆಗಳ ಅಡುಗೆ. ಒಂದು ಮಳೆಗಾಲದಲ್ಲಿ ಬೆಳೆದ ರಾಗಿಯನ್ನು ಮುಂದಿನ ಸುಗ್ಗಿಯವರೆಗೆ ಅಳೆದು ಬಳಸಬೇಕಾದ ಒಕ್ಕಲಿನ ಮನೆಯ ಅಡುಗೆ ಅಲ್ಲಿ ಕಾಣುವುದಿಲ್ಲ. ಅದನ್ನು ಯಾರೂ ಶಾಸ್ತ್ರವೆಂದು ಕರೆಯಲಿಲ್ಲ. ಹಾಗಿದ್ದರೆ ಆ ಅಡುಗೆಯ ಚರಿತ್ರೆಯನ್ನು ಎಲ್ಲಿ ಹುಡುಕಬೇಕು? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಅಡುಗೆಮನೆಯನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನೆಲದ ವಿಚಾರ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಸೀಮೆಯ ಬೆಟ್ಟಗಳಲ್ಲಿ ನದಿಗಳು ಹುಟ್ಟುತ್ತವೆ, ಆದರೆ ನಿಲ್ಲುವುದಿಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮೊದಲಾದವು ನಂದಿಯ ಸುತ್ತಲಿನ ಗುಡ್ಡಗಳಲ್ಲಿ ಉಗಮಿಸಿ ಆಂಧ್ರದ ಕಡೆಗೂ ತಮಿಳುನಾಡಿನ ಕಡೆಗೂ ಹರಿದುಹೋಗುತ್ತವೆ. ಊರಿಗೆ ಉಳಿಯುವುದು ಕೆರೆಯಲ್ಲಿ ಕಟ್ಟಿ ನಿಲ್ಲಿಸಿದ ನೀರು ಮಾತ್ರ. ಕೆರೆಯ ಕೆಳಗಿನ ಗದ್ದೆಯಲ್ಲಿ ಭತ್ತ, ಮಿಕ್ಕ ಹೊಲದಲ್ಲಿ ರಾಗಿ. ದೇವಾಲಯಗಳಿಗೆ ಗದ್ದೆ ಬಿಟ್ಟುದನ್ನು ದಾಖಲಿಸಿದ ದಾನಶಾಸನಗಳು ನಾಡಿನಲ್ಲಿ ಹೇರಳವಾಗಿವೆ. ನೈವೇದ್ಯಕ್ಕೆ ಅಕ್ಕಿ ಸಲ್ಲುತ್ತಿತ್ತು, ಒಕ್ಕಲಿನ ಹೊಟ್ಟೆಗೆ ರಾಗಿ. ಕಲ್ಲಿನಲ್ಲಿ ಬರೆಸಿಕೊಂಡ ಧಾನ್ಯವೊಂದು, ದಿನವೂ ತಿಂದ ಧಾನ್ಯ ಇನ್ನೊಂದು ಎಂಬುದನ್ನು ಶಾಸನಗಳನ್ನು ಓದುವವರು ನೆನಪಿನಲ್ಲಿಡಬೇಕು.

ಈ ಎರಡು ಧಾನ್ಯಗಳ ಅಂತರವನ್ನು ಕಾವ್ಯದ ವಸ್ತುವಾಗಿಸಿದವರು ಕನಕದಾಸರು. 'ರಾಮಧಾನ್ಯಚರಿತೆ'ಯಲ್ಲಿ ವ್ರೀಹಿಗೂ ನರೆದಲಗನಿಗೂ, ಅಂದರೆ ಭತ್ತಕ್ಕೂ ರಾಗಿಗೂ, ಹಿರಿಮೆಯ ಜಗಳ ಹುಟ್ಟುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಗಟ್ಟಿಯಾಗಿಯೇ ಇರುತ್ತದೆ. ಕುಲದ ಮೇಲರಿಮೆಯನ್ನು ಪ್ರಶ್ನಿಸುವ ರೂಪಕವೆಂದು ಈ ಕೃತಿಯನ್ನು ವಿಮರ್ಶಕರು ಓದಿದ್ದಾರೆ, ಅದು ಸರಿಯೇ. ಆದರೆ ಕಾವ್ಯದ ತೀರ್ಪು ನಿಂತಿರುವುದು ಒಕ್ಕಲಿನ ಒಂದು ನಿತ್ಯಾನುಭವದ ಮೇಲೆ. ರಾಗಿಯ ಸಣ್ಣ ಕಾಳಿಗೆ ಹುಳು ಹತ್ತುವುದು ಬಹಳ ಕಡಿಮೆ. ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಬರಗಾಲವನ್ನು ಕಂಡ ಸಮಾಜಕ್ಕೆ ಉಳಿಯುವ ಧಾನ್ಯವೇ ಹಿರಿಯ ಧಾನ್ಯ. ಕವಿ ಆ ಅರಿವಿಗೆ ರಾಮನ ಮುದ್ರೆ ಒತ್ತಿಸಿದರು.

ಇನ್ನು ಹೊಲಕ್ಕೆ ಬರೋಣ. ಈ ಸೀಮೆಯ ರಾಗಿ ಹೊಲದಲ್ಲಿ ರಾಗಿಯೊಂದನ್ನೇ ಬಿತ್ತುವ ಪದ್ಧತಿ ಇರಲಿಲ್ಲ. ಕೂರಿಗೆಯಲ್ಲಿ ಕೆಲವು ಸಾಲು ರಾಗಿ ಬಿದ್ದ ಮೇಲೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಅಂಚಿಗೆ ಹರಳು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಸುತ್ತಿನ ರಾಗಿ ಹೊಲಗಳಲ್ಲಿ ಅವರೆ ಮೊದಲಾದ ಕಾಳುಗಳ ಸಾಲುಗಳನ್ನು ಕಂಡು ದಾಖಲಿಸಿದ್ದಾನೆ. ಮಳೆ ಮುಂಚೆ ನಿಂತರೆ ಜೋಳ ಹೋಗಬಹುದು, ಅವರೆ ಉಳಿಯುತ್ತದೆ. ರಾಗಿ ಕುಯಿಲಾದ ಮೇಲೂ ಅವರೆ, ತೊಗರಿಗಳು ಇಬ್ಬನಿಯ ತೇವದಲ್ಲಿ ನಿಂತು ಕಾಯಿ ಕಟ್ಟುತ್ತವೆ. ಬೇರಿನ ಗಂಟುಗಳಿಂದ ನೆಲಕ್ಕೆ ಸಾರಜನಕ ಸೇರುತ್ತದೆ. ಒಂದು ಹೊಲದಿಂದ ಹಿಟ್ಟು, ಬೇಳೆ, ಎಣ್ಣೆ, ದನದ ಮೇವು ಎಲ್ಲವೂ ಮನೆಗೆ ಬರುವ ಈ ವ್ಯವಸ್ಥೆಯ ನೇರ ಪ್ರತಿರೂಪವೇ ಒಕ್ಕಲಿನ ಊಟದ ತಟ್ಟೆ. ಮುಖ್ಯ ಸಾಲು ಮುದ್ದೆಯಾಯಿತು, ಅಕ್ಕಡಿ ಸಾಲು ಸಾರಾಯಿತು. ಬಿತ್ತದೆ ಹುಟ್ಟಿದ ಕಳೆಗಿಡಗಳೂ ವ್ಯರ್ಥವಾಗಲಿಲ್ಲ. ಅಣ್ಣೆ, ಹೊನಗೊನ್ನೆ, ಗಣಿಕೆ, ಕನ್ನೆ, ಕೀರೆ ಮೊದಲಾದವು ಕಳೆ ಕೀಳುವ ಹೆಂಗಸರ ಮಡಿಲು ತುಂಬಿ ಬೆರಕೆ ಸೊಪ್ಪೆಂಬ ಹೆಸರಿನಲ್ಲಿ ಮನೆ ಸೇರಿದವು.

ಆ ಸೊಪ್ಪಿಗೂ ಕಾಳಿಗೂ ಒಲೆಯ ಮೇಲೆ ಏನಾಗುತ್ತದೆಂಬುದನ್ನು ಗಮನವಿಟ್ಟು ನೋಡಬೇಕು. ತೊಗರಿಬೇಳೆಯನ್ನೋ ಹುರುಳಿಯನ್ನೋ ಅಲಸಂದೆಯನ್ನೋ ಉಪ್ಪು ಹಾಕಿದ ನೀರಿನಲ್ಲಿ ಬೇಯಿಸಿ, ಅರೆಬೆಂದಾಗ ಸೊಪ್ಪು ಸೇರಿಸುತ್ತಾರೆ. ಬೆಂದ ಮೇಲೆ ಕಟ್ಟನ್ನು ಬಸಿಯುತ್ತಾರೆ. ಉಳಿದ ಕಾಳು ಸೊಪ್ಪಿಗೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದರೆ ಪಲ್ಯ. ಅದರಲ್ಲೇ ಒಂದು ಹಿಡಿ ತೆಗೆದು, ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣುಗಳ ಜೊತೆ ರುಬ್ಬಿ ಕಟ್ಟಿಗೆ ಕಲಸಿ ಕುದಿಸಿದರೆ ಸಾರು. ಒಂದೇ ಬೇಯುವಿಕೆಯಲ್ಲಿ ಎರಡು ವ್ಯಂಜನ. ಸೌದೆ ಉಳಿಯಿತು, ನೀರು ಉಳಿಯಿತು, ಬೇಳೆಯ ಸತ್ವ ಚೆಲ್ಲಿಹೋಗಲಿಲ್ಲ. ತೆಂಗಿನಕಾಯಿ ಇದ್ದರೆ ಒಂದು ಚೂರು, ಇಲ್ಲದಿದ್ದರೂ ನಡೆಯುತ್ತದೆ. ಮಸಾಲೆಗೂ ಬಿಡುವಿಲ್ಲದ ದಿನ ಬಸಿದ ಕಟ್ಟನ್ನು ಹಾಗೆಯೇ ಬಡಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಅರೆದ ಖಾರವನ್ನು ತಟ್ಟೆಯ ಅಂಚಿಗೆ ಇಡುತ್ತಾರೆ. ಅವರವರ ನಾಲಿಗೆಗೆ ತಕ್ಕಂತೆ ಕಲಸಿಕೊಳ್ಳಬಹುದು. ಮಕ್ಕಳಿಗೂ ಮುದುಕರಿಗೂ ಬೇರೆ ಅಡುಗೆ ಬೇಕಾಗುವುದಿಲ್ಲ.

ನಾನು ಹುಡುಕಿದ ಚರಿತ್ರೆ ಇರುವುದು ಈ ವ್ಯಂಜನಗಳ ಹೆಸರುಗಳಲ್ಲಿ. ಬಸಿದ ಸಾರು ಬಸ್ಸಾರು. ಮಸೆದ ಸೊಪ್ಪು ಮಸ್ಸೊಪ್ಪು. ಉಪ್ಪು, ಎಸರು ಸೇರಿ ಉಪ್ಪೆಸರು. ಎಸರೆಂದರೆ ಅಡುಗೆಗೆಂದು ಕುದಿಯಲಿಟ್ಟ ನೀರು. ನೆನೆಸಿದ ಅವರೆಕಾಳಿನ ಸಿಪ್ಪೆಯನ್ನು ಎರಡು ಬೆರಳಿನಿಂದ ಹಿದುಕಿ ತೆಗೆದದ್ದು ಹಿದುಕಿದಬೇಳೆ. ಸೂಪಶಾಸ್ತ್ರಗಳ ಪರಿಭಾಷೆ ಬಹುಮಟ್ಟಿಗೆ ಸಂಸ್ಕೃತದ ನಾಮಪದಗಳಿಂದ ಕೂಡಿದ್ದರೆ, ಈ ಅಡುಗೆಯ ಪರಿಭಾಷೆ ಕನ್ನಡದ ಕ್ರಿಯಾಧಾತುಗಳಿಂದ ಹುಟ್ಟಿದೆ. ಗಮಕ ಸಮಾಸಕ್ಕೆ ನಮ್ಮ ಶಾಲಾ ವ್ಯಾಕರಣಗಳು ಕೊಡುವ ಉದಾಹರಣೆಗಳಲ್ಲಿ 'ಮಾಡಿದಡುಗೆ' ಒಂದು. ಹಿದುಕಿದಬೇಳೆಯೂ ಅದೇ ಜಾತಿಯ ಪದ: ಹಿದುಕಿದುದು, ಬೇಳೆ. ಹೆಸರಿನೊಳಗೇ ವಿಧಾನ ಅಡಗಿದೆ. ಬರೆಯಲು ಓದಲು ಬಾರದ ಅತ್ತೆ, ಹೊಸದಾಗಿ ಬಂದ ಸೊಸೆಗೆ 'ಇವತ್ತು ಬಸ್ಸಾರು' ಎಂದರೆ ಸಾಕು, ಮಾಡಬೇಕಾದ ಮುಖ್ಯ ಕೆಲಸ ಆ ಮಾತಿನಲ್ಲೇ ಇರುತ್ತದೆ. ಶಾಸ್ತ್ರಗ್ರಂಥಕ್ಕೆ ಪದ್ಯಗಳು ಬೇಕಾದವು, ಇಲ್ಲಿ ಒಂದು ಸಮಾಸಪದ ಆ ಕೆಲಸ ಮಾಡಿತು.

ಈ ಸೀಮೆಯ ಇನ್ನೊಂದು ಲಕ್ಷಣ ದ್ವಿಭಾಷಿಕತೆ. ಚಿಂತಾಮಣಿ, ಗೌರಿಬಿದನೂರುಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಬರಹ ಕನ್ನಡ. ಒಬ್ಬರ ಮುದ್ದೆ ಇನ್ನೊಬ್ಬರಿಗೆ ಸಂಗಟಿ, ಮತ್ತೆ ಕೆಲವರಿಗೆ ಬರೀ ಹಿಟ್ಟು. ಹುರುಳಿಯ ಕಟ್ಟಿನ ಸಾರಿಗೆ ತೆಲುಗಿನಲ್ಲಿ ಉಲವಚಾರು. ಹೆಸರು ಬದಲಾದರೂ ಕಟ್ಟನ್ನು ಚೆಲ್ಲಬಾರದೆಂಬ ನಿಯಮ ಬದಲಾಗಲಿಲ್ಲ.

ಚೆಲ್ಲದಿರುವ ಈ ನಿಯಮ ತಟ್ಟೆಯಿಂದಾಚೆಗೂ ಹೋಗುತ್ತದೆ. ರಾತ್ರಿ ಉಳಿದ ಮುದ್ದೆಯನ್ನು ನೀರಿನಲ್ಲಿಟ್ಟು ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಹಾಕಿ, ಈರುಳ್ಳಿ ನಂಚಿಕೊಂಡು ಕುಡಿದರೆ ಅದೇ ಹೊಲದ ಕೆಲಸಕ್ಕೆ ಹೊರಡುವವರ ತಂಗಳು. ಅವರೆಯ ಸಿಪ್ಪೆ ಮೇಕೆಗೆ, ರಾಗಿಯ ಹುಲ್ಲು ದನಕ್ಕೆ, ಪಾತ್ರೆ ತೊಳೆದ ನೀರೂ ಅಕ್ಕಿ ತೊಳೆದ ನೀರೂ ಕಲಗಚ್ಚಿನ ಬಾನಿಗೆ, ಬಾನಿಯಿಂದ ಹಸುವಿಗೆ. ಕಲಗಚ್ಚು ಎಂಬ ಪದಕ್ಕೆ ಪಟ್ಟಣದ ಅಡುಗೆಮನೆಯಲ್ಲಿ ಇಂದು ಅರ್ಥವೇ ಇಲ್ಲ. ಅಲ್ಲಿ ಅದರ ಸ್ಥಾನದಲ್ಲಿರುವುದು ಕಸದ ಬುಟ್ಟಿ.

ಆದರೂ ಈ ಮಿತವ್ಯಯವನ್ನು ಸೊಗಸಾದ ಗ್ರಾಮೀಣ ಗುಣವೆಂದು ಮಾತ್ರ ಹೊಗಳಿ ನಿಲ್ಲುವುದು ಚರಿತ್ರೆಗೆ ಮಾಡುವ ಅನ್ಯಾಯ. ಅದರ ಹಿಂದೆ ಹಸಿವಿನ ನೆನಪಿದೆ. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ಅಂಥ ಬರಗಳನ್ನು ದಾಟಿ ಬಂದ ಮನೆತನಗಳಿಗೆ ಹಗೇವು ಬರಿದಾಗಬಾರದೆಂಬ ಭಯ, ಕಳೆಗಿಡದಲ್ಲಿ ತಿನ್ನಬಹುದಾದದ್ದು ಯಾವುದೆಂಬ ಜ್ಞಾನ ಎರಡೂ ಒಟ್ಟಿಗೆ ಬಂದಿರುವುದು ಸಹಜ. ಜೈನಾಚಾರದಲ್ಲಿ ಹಸಿವಿಗಿಂತ ಕಡಿಮೆ ಉಣ್ಣುವುದನ್ನು ಅವಮೋದರ್ಯವೆಂಬ ಬಾಹ್ಯತಪಸ್ಸಾಗಿ ಹೇಳಿದೆ. ಅದು ಇದ್ದೂ ಬಿಡುವವರ ವ್ರತ. ಎಲ್ಲರಿಗೂ ಬಡಿಸಿ ಕೊನೆಗೆ ತಳದಲ್ಲಿ ಉಳಿದ ಕಟ್ಟಿಗೆ ಅರ್ಧ ಮುದ್ದೆ ಅದ್ದಿ ಉಂಡ ಹೆಂಗಸಿನದು ವ್ರತವಲ್ಲ, ಅನಿವಾರ್ಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಈ ಅಡುಗೆಯ ನಿಜವಾದ ಶಾಸ್ತ್ರಕಾರಳು ಆಕೆಯೇ ಆಗಿದ್ದರೂ ಆಕೆಯ ಹೆಸರು ಯಾವ ಗ್ರಂಥದ ಅಂಕಿತದಲ್ಲಿಯೂ ಇಲ್ಲ.

ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಆದ ಬದಲಾವಣೆ ಒಂದೇ ಬಗೆಯದಲ್ಲ. ಭಾರತೀಯ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ತಳಿಗಳು ಇಳುವರಿ ಹೆಚ್ಚಿಸಿ ಅನೇಕ ಮನೆಗಳ ಹಸಿವು ಕಳೆದವು. ಹಗಲು ಚಿಕ್ಕದಾಗುವ ಕಾಲದಲ್ಲಷ್ಟೇ ಹೂ ಬಿಡುತ್ತಿದ್ದ ಅವರೆಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್.ಎ.-3, ಎಚ್.ಎ.-4 ತಳಿಗಳು ಬಂದ ಮೇಲೆ ಯಾವ ಕಾಲದಲ್ಲಿಯೂ ಅವರೆಕಾಯಿ ಸಿಗುವಂತಾಯಿತು. ಇಬ್ಬನಿಯಲ್ಲಿ ಕಾಯಿ ಕಟ್ಟಿದ ಸೊಗಡವರೆಯ ವಾಸನೆಯನ್ನು ಹಳಬರು ಈಗಲೂ ಬೇರೆಯಾಗಿಯೇ ಗುರುತಿಸುತ್ತಾರೆ. ಕೊಳವೆಬಾವಿಗಳ ಬೆನ್ನಲ್ಲಿ ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ, ಚಿಂತಾಮಣಿಯಲ್ಲಿ ಟೊಮೇಟೊ, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಮತ್ತು ಹೂವು, ಗೌರಿಬಿದನೂರಿನಲ್ಲಿ ಮುಸುಕಿನ ಜೋಳ ಹೊಲ ತುಂಬಿದವು. ಕೈಗೆ ಹಣ ಬಂದಿತು, ಮಕ್ಕಳು ಓದಿದರು. ಅದನ್ನು ಬೇಡವೆನ್ನುವ ಹಕ್ಕು ಸಂಬಳದ ಮೇಲೆ ಬದುಕುವ ನಮಗಿಲ್ಲ. ಆದರೆ ಏಕಬೆಳೆಯ ಹೊಲದಲ್ಲಿ ಅಕ್ಕಡಿ ಸಾಲಿಗೆ ಜಾಗವಿಲ್ಲ. ಕಳೆನಾಶಕ ಹೊಡೆದ ಹೊಲದಲ್ಲಿ ಅಣ್ಣೆಸೊಪ್ಪು ಹುಟ್ಟುವುದಿಲ್ಲ. ಅಕ್ಕಡಿ ಹೋದ ಮನೆ ತೊಗರಿಬೇಳೆಯನ್ನು ಅಂಗಡಿಯಿಂದ ತರುತ್ತದೆ, ಬೆರಕೆ ಸೊಪ್ಪನ್ನು ಮರೆಯುತ್ತದೆ.

ಇದೇ ಹೊತ್ತಿಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕ ಸುಣ್ಣದಂಶವಿದೆಯೆಂದು ಪೊಟ್ಟಣಗಳ ಮೇಲೆ ಅಚ್ಚಾಗುತ್ತಿದೆ. ನಗರದ ಹೋಟೆಲುಗಳಲ್ಲಿ ಮುದ್ದೆ, ಬಸ್ಸಾರು ಗೌರವದ ಊಟವಾಗಿವೆ. ಕನಕದಾಸರ ನರೆದಲಗ ಮತ್ತೊಮ್ಮೆ ಗೆದ್ದನೆಂದು ಸಂತೋಷಪಡಬಹುದು. ಆದರೆ ಮುದ್ದೆಗೆ ಬಂದ ಮಾನ್ಯತೆ ಅದರ ಪಕ್ಕದ ಸಾಲಿಗೆ ಬಂದಿಲ್ಲ. ಅಕ್ಕಡಿಯಿಲ್ಲದ ರಾಗಿ ಒಂದು ಸರಕು, ಅಕ್ಕಡಿಯೊಡನೆ ಅದು ಒಂದು ಕುಟುಂಬದ ವರ್ಷಪೂರ್ತಿಯ ಲೆಕ್ಕಾಚಾರ.

ಕನ್ನಡ ಎಂ.ಎ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳು ಸಂಶೋಧನೆಗೆ ವಿಷಯ ಸಿಗುವುದಿಲ್ಲವೆಂದು ಹೇಳುವುದುಂಟು. ಈ ನಾಲ್ಕು ತಾಲ್ಲೂಕುಗಳಲ್ಲಿ ಅರವತ್ತು ದಾಟಿದ ಒಕ್ಕಲು ಹೆಂಗಸರ ಬಳಿ ಕುಳಿತು, ಸೊಪ್ಪುಗಳ ಹೆಸರು, ಸಾರುಗಳ ಹೆಸರು, ಅವುಗಳ ಕ್ರಿಯಾಪದಗಳು, ಅಳತೆಯ ಪದಗಳು, ತೆಲುಗಿನ ಸಮಾನಪದಗಳನ್ನು ಊರೂರಿಗೆ ಪಟ್ಟಿಮಾಡಿದರೆ ಅದೊಂದು ಆಕರಗ್ರಂಥವೇ ಆದೀತು. ಬೆರಕೆ ಸೊಪ್ಪಿನಲ್ಲಿ ಸೇರುವ ಗಿಡಗಳನ್ನು ಹೆಸರಿನಿಂದ ಮಾತ್ರವಲ್ಲ, ಹೊಲದ ಬದುವಿನಲ್ಲಿ ಕಂಡು ಗುರುತಿಸಿ ಬರೆದುಕೊಳ್ಳಬೇಕು. ಒಂದೇ ಗಿಡಕ್ಕೆ ಶಿಡ್ಲಘಟ್ಟದಲ್ಲಿ ಒಂದು ಹೆಸರು, ಗೌರಿಬಿದನೂರಿನಲ್ಲಿ ಇನ್ನೊಂದು ಇರಬಹುದು. ಮಂಗರಸನ ಕೃತಿಯನ್ನು ಉಳಿಸಲು ಓಲೆಗರಿಗಳೂ ಲಿಪಿಕಾರರೂ ಇದ್ದರು. ಈ ಅಡುಗೆಗೆ ಇರುವ ಓಲೆಗರಿ ಆ ಹೆಂಗಸರ ನೆನಪು ಮಾತ್ರ. ಅವರು ಹೇಳಲು ಸಿದ್ಧರಿದ್ದಾರೆ. ಕೇಳಿ ಬರೆದುಕೊಳ್ಳುವವರು ಈ ಸುಗ್ಗಿಯಲ್ಲೇ ಹೊರಡಬೇಕು.